ಕಾಲು ಗಂಟೆ ಮುಂದಿದ್ದ ಮೋಡಗಳು

೨೦೨೩ನೆಯ ಇಸವಿ, ನನಗಾಗ ಐವತ್ತೆರಡು ವರ್ಷ. ಇಪ್ಪತ್ತೇಳು ವರ್ಷ ಕನ್ನಡ ವ್ಯಾಕರಣ ಕಲಿಸಿ, ಆ ಮಾರ್ಚಿನಲ್ಲಿ ಸ್ವಯಂ ನಿವೃತ್ತಿ ಪಡೆದು, ಚಾಮರಾಜಪೇಟೆಯ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ.

ಮೇ ತಿಂಗಳ ಕೊನೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಅವಳೀಗ ಹವಾಮಾನ ಸಂಶೋಧಕಿ. ಉಪಗ್ರಹವು ಕಾಲು ಗಂಟೆಗೊಂದರಂತೆ ನಮ್ಮ ಆಕಾಶದ ಚಿತ್ರ ಕಳುಹಿಸುತ್ತದಂತೆ. ಆದರೆ ಮೇಲಿನಿಂದ ನೋಡಿದಾಗ ತೆಳುಮೋಡವೂ ಹೊಗೆ, ಧೂಳುಗಳ ಮಬ್ಬೂ ಒಂದೇ ತೆರನಾಗಿ ಕಾಣುವುದುಂಟಂತೆ. ಅವೆರಡನ್ನೂ ಬೇರ್ಪಡಿಸದಿದ್ದರೆ ಮಳೆ, ಬಿಸಿಲುಗಳನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ ದಾರಿ ತಪ್ಪುತ್ತದೆ. ಆದ್ದರಿಂದ ನೆಲದಲ್ಲಿ ನಿಂತು ನೋಡಿ ಬರೆಯುವವರು ಬೇಕಿತ್ತು. ಶಿಸ್ತಿನವರು ಯಾರೆಂದು ಯೋಚಿಸಿದಾಗ ನನ್ನ ನೆನಪಾಯಿತೆಂದಳು. ನಾನು ಉಬ್ಬಿಹೋದೆ.

ಜೂನ್ ಒಂದರಿಂದ ದಿನಕ್ಕೆ ಮೂರು ಬಾರಿ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ತಾರಸಿ ಹತ್ತಿದೆ. ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಎಂದು ಅವಳು ಕೊಟ್ಟಿದ್ದ ಪುಸ್ತಕದಲ್ಲಿ ಬರೆಯಬೇಕು. ಬಸವನಗುಡಿಯ ಕಡೆಯ ದೊಡ್ಡ ಮರಗಳು ಹಸಿರಾಗಿ ಕಂಡರೆ ಗಾಳಿ ಶುದ್ಧ. ಬೂದಿಬಣ್ಣಕ್ಕೆ ತಿರುಗಿದ್ದರೆ ಮಬ್ಬು. ಮೊಬೈಲನ್ನು ಮೇಲಕ್ಕೆ ಒಯ್ಯುತ್ತಿರಲಿಲ್ಲ. ಒಯ್ದರೆ ಕಣ್ಣು ಅದರ ಮೇಲೆಯೇ ಇರುತ್ತದೆ. ನಡುಮನೆಯಲ್ಲಿ ನನ್ನ ತಂದೆಯವರ ಕಾಲದ ಕೀಲಿ ಗಡಿಯಾರವಿತ್ತು. ಅದು ಬಾರಿಸಿದೊಡನೆ ಮೆಟ್ಟಿಲೇರುವುದು. ಪ್ರತಿ ಭಾನುವಾರ ಕೀಲಿ ಕೊಡುತ್ತಿದ್ದೆನೇ ಹೊರತು ಮುಳ್ಳನ್ನು ಮುಟ್ಟುತ್ತಿರಲಿಲ್ಲ. ಸರಿಯಾಗಿರುವುದನ್ನು ತಿದ್ದುವುದೇಕೆ?

ನಾಲ್ಕು ತಿಂಗಳಲ್ಲಿ ಒಂದು ಹೊತ್ತೂ ತಪ್ಪಲಿಲ್ಲ. ಸೆಪ್ಟೆಂಬರ್ ಮುಗಿದಾಗ ಪುಟಗಳ ಫೋಟೋ ತೆಗೆದು ಅವಳಿಗೆ ಕಳುಹಿಸಿದೆ.

ಅಕ್ಟೋಬರ್ ಎಂಟರ ಭಾನುವಾರ ಅವಳು ಬಂದಾಗ ಮುಖ ಚಿಕ್ಕದಾಗಿತ್ತು. ಮೋಡವೇ ಇಲ್ಲದ ದಿನ, ಪೂರ್ತಿ ಮುಚ್ಚಿದ ದಿನ ನನ್ನ ಬರಹಕ್ಕೂ ಉಪಗ್ರಹದ ಚಿತ್ರಕ್ಕೂ ತಾಳೆಯಾಗುತ್ತಿತ್ತು. ಆದರೆ ಚದುರಿದ ಮೋಡಗಳು ಓಡುವ ದಿನಗಳಲ್ಲಿ ಎಲ್ಲವೂ ತಪ್ಪು. ತಾಳೆಯಾಗದವರ ಪುಸ್ತಕಗಳನ್ನು ಕೈಬಿಡಬೇಕೆಂದು ಅವಳ ಮಾರ್ಗದರ್ಶಕರು ಹೇಳಿದ್ದರು.

"ಸರ್, ನಿಮ್ಮದನ್ನ ಬಿಡೋಕೆ ನಂಗೆ ಮನಸ್ಸಿಲ್ಲ. ಟೈಮು ಯಾವುದ್ರಲ್ಲಿ ನೋಡ್ತೀರಿ?"

ಗೋಡೆಯತ್ತ ಕೈ ತೋರಿಸಿದೆ. ಅವಳು ಅದನ್ನೊಮ್ಮೆ, ತನ್ನ ಫೋನನ್ನೊಮ್ಮೆ ನೋಡಿದಳು. ಕಾಫಿ ತಂದಿದ್ದ ನನ್ನ ಹೆಂಡತಿ ಲೋಟಗಳನ್ನು ಮೇಜಿನ ಮೇಲಿಡದೆ ಹಾಗೆಯೇ ನಿಂತಳು.

"ರೀ, ಅದು ಕಾಲು ಗಂಟೆ ಮುಂದಿದೆ. ನಾನೇ ಇಟ್ಟಿದ್ದು."

ಮೇ ತಿಂಗಳಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶವಿತ್ತು. ಹೊರಡುವ ಹಿಂದಿನ ದಿನವೇ ಮುಳ್ಳು ತಿರುಗಿಸಿದ್ದಳಂತೆ.

"ಏಕೆ?" ಎಂದೆ.

"ಏಳೂವರೆ ಅಂದ್ರೆ ಏಳೂವರೆಗೇ ಹೊಸ್ತಿಲು ದಾಟ್ತೀರಿ, ಒಂದು ನಿಮಿಷ ಮುಂಚೆ ಇಲ್ಲ. ಸೋಮವಾರ ಅಷ್ಟೊತ್ತಿಗೆ ರಾಹುಕಾಲ ಹತ್ತಿರುತ್ತೆ. ನಿಮಗೆ ಹೇಳಿದ್ರೆ ಕೇಳ್ತೀರಾ?"

ಹುಡುಗಿ ನಗು ತಡೆದುಕೊಂಡು, "ಐದು ನಿಮಿಷ ಲೇಟಾಗಿದ್ದಕ್ಕೆ ನನ್ನನ್ನ ಒಂದು ಪೀರಿಯಡ್ ಹೊರಗೆ ನಿಲ್ಲಿಸಿದ್ರಿ, ಸರ್" ಎಂದಳು.

ಆಮೇಲೆ ಅವಳ ಧ್ವನಿ ಗಂಭೀರವಾಯಿತು. ಕಾಲು ಗಂಟೆಯೆಂದರೆ ಸರಿಯಾಗಿ ಒಂದು ಚಿತ್ರದಷ್ಟು ಅಂತರ. ಪ್ರತಿಯೊಂದು ದಾಖಲೆಯನ್ನೂ ಅದರ ಹಿಂದಿನ ಚಿತ್ರದೊಂದಿಗೆ ಹೋಲಿಸಿದರೆ ಆಯಿತು. ಆದರೆ ನಡುವೆ ಯಾವಾಗಲಾದರೂ ಯಾರಾದರೂ ಮುಳ್ಳು ಸರಿಪಡಿಸಿದ್ದರೆ, ಎಂದಿನಿಂದ ತಪ್ಪು, ಎಂದಿನಿಂದ ಸರಿ ಎಂದು ತಿಳಿಯುವಂತಿರಲಿಲ್ಲ. ಹೆಂಡತಿ ತಾನು ಮತ್ತೆ ಮುಟ್ಟಿಲ್ಲವೆಂದಳು. ನಾನಂತೂ ಮುಟ್ಟಿರಲಿಲ್ಲ. ಹಳೆಯ ಗಡಿಯಾರ ನಡುನಡುವೆ ತಾನಾಗಿಯೇ ಹಿಂದೆಮುಂದೆ ಆಗಿರಬಹುದೇ ಎಂಬ ಶಂಕೆ ಮಾತ್ರ ಉಳಿಯಿತು.

ಹುಡುಗಿ ಪುಸ್ತಕವನ್ನು ಕೊಂಡೊಯ್ದಳು. ಮುಂದಿನ ದಿನಗಳಲ್ಲೂ ನಾನು ತಾರಸಿ ಹತ್ತಿದೆ, ಕೈಗಡಿಯಾರ ಕಟ್ಟಿಕೊಂಡು. ಹೊಸ ಪುಸ್ತಕವೊಂದರಲ್ಲಿ ಬರೆದು, ಉತ್ತರಪತ್ರಿಕೆ ತಿದ್ದಿಸಿಕೊಳ್ಳಲು ಕೊಟ್ಟು ಕಾಯುವ ಹುಡುಗನ ಹಾಗೆ ಅವಳ ಫೋನಿಗೆ ಕಾಯುತ್ತಿದ್ದೆ. ಹೆಂಡತಿ ಆ ದಿನಗಳಲ್ಲಿ ಕೇಳದೆಯೇ ಎರಡು ಸಲ ಕಾಫಿ ಕೊಟ್ಟಳು. ಅದು ಕ್ಷಮಾಪಣೆಯೆಂದು ನಾನು ತಿಳಿದೆ. ಅವಳು ಹಾಗೆಂದು ಒಪ್ಪಿಕೊಂಡಿಲ್ಲ.

ನಾಲ್ಕನೆಯ ದಿನ ಹುಡುಗಿಯ ಫೋನು ಬಂತು. "ಎಲ್ಲಾ ಕೂಡಿಕೊಳ್ತು, ಸರ್. ಒಂದು ಚಿತ್ರ ಹಿಂದೆ ಸರಿಸಿದ ಕೂಡ್ಲೇ ನಿಮ್ಮ ಮೋಡ ಎಲ್ಲಾ ಜಾಗಕ್ಕೆ ಬಂದು ಕೂತ್ಕೊಂಡ್ವು. ನಿಮ್ಮ ಪುಸ್ತಕ ಇಟ್ಕೋತಿದೀವಿ."

ಗೋಡೆಯ ಗಡಿಯಾರವನ್ನು ನಾನು ತಿದ್ದಲಿಲ್ಲ. ಇಂದಿಗೂ ಅದು ಕಾಲು ಗಂಟೆ ಮುಂದಿದೆ, ನಾವು ರಾಹುಕಾಲಕ್ಕೆ ಮುಂಚೆಯೇ ಹೊಸ್ತಿಲು ದಾಟುತ್ತೇವೆ. ಪುಸ್ತಕ ಮರಳಿ ಬಂದಾಗ ಅದರ ಮೊದಲ ಪುಟದಲ್ಲಿ, ಎಲ್ಲ ವೇಳೆಗಳನ್ನೂ ಹದಿನೈದು ನಿಮಿಷ ಹಿಂದಕ್ಕೆ ಓದಿಕೊಳ್ಳತಕ್ಕದ್ದು ಎಂದು ಬರೆದು, ಫೋನು ಬಂದ ದಿನಾಂಕವನ್ನೇ ಹಾಕಿದೆ: ಗುರುವಾರ, ೧೨ ಅಕ್ಟೋಬರ್ ೨೦೨೩.