ಹತ್ತನೇ ತರಗತಿಯ ಆಟದ ಪೀರಿಯಡ್

ಹರಿಹರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣದ ಟೀಚರು. ನೇಮಕಾತಿ ಆದೇಶದಲ್ಲಿ ಹಾಗಂತ ಇದೆ. ಶಾಲೆಯಲ್ಲಿ ನಾನು ಮಾಡುವ ಕೆಲಸವೇ ಬೇರೆ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಮಧ್ಯಾಹ್ನ ಬಿಸಿಯೂಟದ ಸಾಲು ಕಾಯುವುದು, ಗಲಾಟೆ ಮಾಡುವ ಕ್ಲಾಸಿಗೆ ಹೋಗಿ ಕಣ್ಣು ಬಿಡುವುದು, ಯಾರಾದರೂ ದೊಡ್ಡವರು ಬಂದರೆ ಹಾರ ತರಿಸುವುದು. ದಾವಣಗೆರೆಯ ಆನೆಕೊಂಡದ ನಮ್ಮ ಮನೆಯಿಂದ ಹೊರಡುವಾಗ, ಇವತ್ತು ಯಾರ ಮೇಲೂ ರೇಗಬಾರದು ಎಂದು ದಿನಾ ಅಂದುಕೊಳ್ಳುತ್ತೇನೆ. ಬಸ್ಸು ಹರಿಹರ ಮುಟ್ಟುವ ಹೊತ್ತಿಗೆ ಕಂಡಕ್ಟರ್ ಜೊತೆ ಒಂದು ಸುತ್ತು ಮುಗಿದಿರುತ್ತದೆ.

ಶಾಲೆಯೊಳಗಿನ ನನ್ನ ಜಗಳವೆಲ್ಲ ಗಣಿತದ ಮೇಷ್ಟ್ರ ಜೊತೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಹತ್ತನೇ ತರಗತಿಯಲ್ಲಿ ಒಬ್ಬಳೂ ಫೇಲಾಗಬಾರದು ಎಂದು ಊಟ ಬಿಟ್ಟು ಪಾಠ ಮಾಡುವವರು. ವಾರಕ್ಕೆರಡು ಆಟದ ಪೀರಿಯಡ್ಡು ಆ ಹುಡುಗಿಯರಿಗೆ. ಎರಡಕ್ಕೂ ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ಹಾಜರು. "ಮೇಡಂ, ಇವತ್ತೊಂದಿನ ಬಿಟ್ಕೊಡ್ರಿ, ತ್ರಿಕೋನಮಿತಿ ಉಳಿದೈತೆ" ಎನ್ನುತ್ತಿದ್ದರು. ಅವರ 'ಇವತ್ತೊಂದಿನ' ಜೂನ್‌ನಲ್ಲಿ ಶುರುವಾಗಿ ಪರೀಕ್ಷೆಯವರೆಗೂ ನಡೆಯುತ್ತಿತ್ತು. ನಾನು ಕೂಗಾಡುತ್ತಿದ್ದೆ. ಹೆಡ್‌ಮಾಸ್ತರರು ರಿಸಲ್ಟು ಎಂಬ ಒಂದೇ ಮಾತು ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಹೀಗೆ ಪೀರಿಯಡ್ ಹೋದ ಒಂದು ದಿನ ಹತ್ತನೇ ತರಗತಿಯ ಒಬ್ಬ ಹುಡುಗಿ ನನ್ನ ಹಿಂದೆಯೇ ಬಂದಳು. ತಂದೆಯದು ಬಜಾರಿನಲ್ಲಿ ಟ್ರಂಕು, ಡಬ್ಬಿ ರಿಪೇರಿಯ ಅಂಗಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಖೋ ಖೋದಲ್ಲಿ ಅವಳನ್ನು ಮುಟ್ಟುವುದು ಅಷ್ಟು ಸುಲಭವಲ್ಲ.

"ಟೀಚರ್, ನಮ್ಮ ಅಣ್ಣಂದಿರು ಹೊಳೆ ದಂಡ್ಯಾಗೆ ಆಡ್ತಾರ್ರಿ, ಬೀದ್ಯಾಗೆ ಆಡ್ತಾರ್ರಿ. ನಂಗೆ ಓಡಾಕ ಇದೊಂದೇ ಜಾಗ. ಕಾಲೇಜಿಗೆ ಹೋದ್ರೆ ಆಟನೇ ಇರಲ್ವಂತೆ. ಇದನ್ನೂ ಸರ್ ತಗಂಡ್ರೆ ನಾನೆಲ್ಲಿ ಓಡ್ಲಿ?"

ಇಷ್ಟು ವರ್ಷ ನನ್ನ ಪೀರಿಯಡ್ಡು, ನನ್ನ ಪೀರಿಯಡ್ಡು ಎಂದು ಜಗಳವಾಡಿದ್ದೆ. ಅದು ಅವಳದು. ಆ ನಲವತ್ತು ನಿಮಿಷ ಹೋದರೆ ಅವಳಿಗೆ ಓಡುವುದೇ ಹೋಯಿತು.

ಬಾಯಿಮಾತಿನಿಂದ ಆಗುವ ಕೆಲಸವಲ್ಲ, ಕಾನೂನೇ ಆಗಬೇಕು ಎಂದು ಅವತ್ತು ತಲೆಗೆ ಹೊಕ್ಕಿತು. ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ದಿನಕ್ಕೊಂದು ಆಟದ ಪೀರಿಯಡ್ ಇರಬೇಕು, ಅದನ್ನು ಬೇರೆ ಪಾಠಕ್ಕೆ ತೆಗೆದುಕೊಳ್ಳುವಂತಿಲ್ಲ, ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆ ಮಾಡಿ ತಾಯಿತಂದೆಗೆ ತಿಳಿಸಬೇಕು. ನಾನು ಕೇಳಿದ್ದು ಇಷ್ಟೇ. ಹೆಡ್‌ಮಾಸ್ತರರು ಕೇಳಿ ಕನ್ನಡಕ ತೆಗೆದರು. "ಮೇಡಂ, ನಾವು ಕಾನೂನು ಪಾಲಿಸೋರ್ರಿ, ಕೇಳೋರಲ್ಲ." ಸರ್ಕಾರಿ ಸಂಬಳದವಳು ಶಾಸಕರ ಮನೆ ಬಾಗಿಲು ತಟ್ಟಿದರೆ ನೋಟಿಸು ಬರುತ್ತದೆ ಎಂಬ ಭಯ ಅವರಿಗೆ. ತಾಯಂದಿರು ಕೇಳಿದರೆ ಯಾರಿಗೆ ನೋಟಿಸು ಕೊಡುತ್ತಾರೆ? ಆ ಹುಡುಗಿಯ ತಾಯಿಯನ್ನು ಮುಂದೆ ಮಾಡಿಕೊಂಡು ಹೊರಟೆ.

ದಾವಣಗೆರೆಯಲ್ಲಿ ನಮ್ಮ ಭಾಗದ ಒಬ್ಬ ಶಾಸಕರ ಮನೆ. ಬೆಳಿಗ್ಗೆಯೇ ವರಾಂಡದ ತುಂಬ ಜನ. ವರ್ಗಾವಣೆಯವರು, ಬೋರ್‌ವೆಲ್‌ನವರು, ಆಸ್ಪತ್ರೆ ಬಿಲ್ಲಿನವರು. ಮಕ್ಕಳ ಆಟಕ್ಕೆ ಬಂದವರು ನಾವಿಬ್ಬರೇ. ನಮ್ಮ ಸರದಿ ಬಂದಾಗ ನಾನು ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಒಪ್ಪಿಸಿದೆ. ಅವರು ಆಕಳಿಕೆ ತಡೆದುಕೊಂಡರು. ಆಗ ಆ ತಾಯಿ ಸೆರಗು ಸರಿಮಾಡಿಕೊಂಡು, "ಸಾಹೇಬ್ರೇ, ಶಾಲ್ಯಾಗೆ ಊಟ ಕೊಡ್ತೀರಿ, ಹಾಲು ಕೊಡ್ತೀರಿ, ಮೊಟ್ಟಿ ಕೊಡ್ತೀರಿ. ಉಂಡಿದ್ದು ಅರಗಬ್ಯಾಡ್ವೇನ್ರಿ?" ಎಂದರು.

ವರಾಂಡಕ್ಕೆ ವರಾಂಡವೇ ನಕ್ಕಿತು. ಶಾಸಕರೂ ನಕ್ಕರು. "ಒಂದಿನ ನಾನೇ ಬರ್ತೀನ್ರಿ. ಮಕ್ಕಳು ಆಡೋದು ಕಣ್ಣಾರೆ ನೋಡಿ ನಂಗೂ ಖರೆ ಅನ್ಸಿದ್ರೆ, ಖಾಸಗಿ ಮಸೂದೆ ಅಂತ ಇರ್ತೈತೆ, ಅಧಿವೇಶನದಾಗೆ ತರ್ತೀನಿ." ಮಂತ್ರಿಯಲ್ಲದವರೂ ಸದನದ ಮುಂದೆ ಕಾನೂನು ಇಡಬಹುದು ಎಂದು ನನಗೆ ಗೊತ್ತಾದದ್ದು ಆವಾಗಲೇ. ಅವರು ನೋಡಬೇಕಾದದ್ದು ಒಂದೇ, ಮಕ್ಕಳು ಆಡುವುದು. ಅದೇನು ಮಹಾ ಎಂದುಕೊಂಡು ಖುಷಿಯಲ್ಲಿ ಇಬ್ಬರೂ ಬೆಣ್ಣೆದೋಸೆ ತಿಂದು ಬಂದೆವು.

ಶಾಸಕರು ಬರುವ ದಿನ ಹೆಡ್‌ಮಾಸ್ತರರಿಗೆ ತಿಳಿಸದೆ ಗತಿಯಿರಲಿಲ್ಲ. ತಿಳಿಸಿದ್ದೇ ತಡ, ಆ ಭಯಸ್ಥ ಮನುಷ್ಯನಿಗೆ ಎಲ್ಲಿಲ್ಲದ ಹುರುಪು ಬಂತು. ನಮ್ಮ ಕಡೆ ಶಾಸಕರು ಕಾಲಿಟ್ಟಲ್ಲಿ ಶಾಮಿಯಾನ ಏಳಲೇಬೇಕು, ಶಾಲು ಹೊದಿಸಲೇಬೇಕು, ಪೇಟ ಇಡಲೇಬೇಕು. ಅವತ್ತು ನಾನು ಶಾಲೆಗೆ ಹೋಗಿ ನೋಡುತ್ತೇನೆ, ಮೈದಾನವೇ ಇಲ್ಲ! ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ ಶಾಮಿಯಾನ, ವೇದಿಕೆ, ಕೆಂಪು ಕುರ್ಚಿಗಳು. ಖೋ ಖೋ ಅಂಕಣಕ್ಕೆ ನಾನು ಹಿಂದಿನ ದಿನ ಹಾಕಿದ್ದ ಸುಣ್ಣದ ಗೆರೆಗಳ ಮೇಲೆ ಊರ ಮುಖಂಡರು ಕೂತಿದ್ದರು. ಹುಡುಗಿಯರೆಲ್ಲ ಪಕ್ಕದ ಬಿಸಿಲಲ್ಲಿ, ನೆಲದ ಮೇಲೆ, ಕೈ ಕಟ್ಟಿಕೊಂಡು.

"ಸರ್, ಮಕ್ಕಳು ಎಲ್ಲಿ ಆಡ್ಬೇಕ್ರಿ?" ಎಂದೆ.

"ಮೊದ್ಲು ಪ್ರೋಗ್ರಾಂ ಮುಗೀಲಿ ಮೇಡಂ. ಆಟದ ಮಹತ್ವದ ಮ್ಯಾಲೆ ಭಾಷಣ ಇಟ್ಟೀವಲ್ಲ."

ಮೈಯೆಲ್ಲ ಉರಿದುಹೋಯಿತು. ಶಾಸಕರು ಬಂದರು. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ಮತ್ತೊಬ್ಬರಿಗೆ ಶಾಲು. ಮಕ್ಕಳು ಓಡಾಡಬೇಕು, ಮೈ ಬೆವರಬೇಕು ಎಂದು ಒಬ್ಬರಾದ ಮೇಲೊಬ್ಬರು ಮೈಕಿನಲ್ಲಿ ಹೇಳಿದರು. ಮಕ್ಕಳು ಕೂತಲ್ಲೇ ಬೆವರಿದರು. ಟ್ರಂಕು ರಿಪೇರಿಯವರ ಮಗಳು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಶಾಸಕರು ಗಡಿಯಾರ ನೋಡಿಕೊಳ್ಳತೊಡಗಿದರು; ಮಲೆಬೆನ್ನೂರಿನಲ್ಲಿ ಅವರಿಗೊಂದು ಮದುವೆಯಿತ್ತು. ಎದ್ದು ಹೋದರೆ ಮಸೂದೆಯೂ ಹೋಯಿತು, ಹುಡುಗಿಯ ಓಟವೂ ಹೋಯಿತು.

ನನಗೆ ಕೊಟ್ಟಿದ್ದು ವಂದನಾರ್ಪಣೆ. ಮೈಕಿನ ಮುಂದೆ ನಿಂತೆ. ಯಾರನ್ನೂ ವಂದಿಸುವ ಮನಸ್ಸಾಗಲಿಲ್ಲ. ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದೆ.

ಮೈಕಿನಲ್ಲಿ ಅದು ಎಷ್ಟು ಜೋರಾಯಿತೆಂದರೆ ಹುಡುಗಿಯರ ಜೊತೆ ಮುಖಂಡರೂ ದಡಬಡಿಸಿ ಎದ್ದು ನಿಂತರು. ಎಷ್ಟೇ ದೊಡ್ಡವರಾಗಲಿ, ಎಲ್ಲರೂ ಒಂದು ಕಾಲಕ್ಕೆ ಯಾವುದೋ ಪಿ.ಟಿ. ಮೇಷ್ಟ್ರ ಕೈಕೆಳಗೆ ಸಾಲು ನಿಂತವರೇ ತಾನೆ. ಎದ್ದವರು ಮತ್ತೆ ಕೂರುವುದರೊಳಗೆ, "ಕುರ್ಚಿ ತೆಗೀರಿ!" ಎಂದೆ. ನನ್ನ ಹುಡುಗಿಯರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಂಪು ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟರು. ಶಾಮಿಯಾನದ ನಡುವಿನ ಎರಡು ಕಂಬಗಳೇ ಖೋ ಖೋ ಕಂಬಗಳಾದವು. ಅಷ್ಟು ವರ್ಷದಲ್ಲಿ ನನ್ನ ಮಕ್ಕಳು ನೆರಳಲ್ಲಿ ಆಡಿದ್ದು ಅದೇ ಮೊದಲು.

ಹೆಡ್‌ಮಾಸ್ತರರ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಆಮೇಲೆ ಆ ಹುಡುಗಿ ಓಡಿದಳು. ಕಂಬ ಹಿಡಿದು ಗರ್ರನೆ ತಿರುಗಿ, ಕೂತವರ ನಡುವೆ ನುಸುಳಿ, ಬೆನ್ನಟ್ಟಿದವರ ಕೈಗೆ ಬೆರಳಷ್ಟು ದೂರದಲ್ಲಿ ತಪ್ಪಿಸಿಕೊಂಡು. ಓಡುತ್ತ ನಗುತ್ತಿದ್ದಳು. ಮುಖಂಡರು ಗುಂಪುಕಟ್ಟಿಕೊಂಡು ಕೂಗಿದರು. ಗಣಿತದ ಮೇಷ್ಟ್ರು ಅವಳನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನಿಂತಿದ್ದರು. ಬೋರ್ಡಿನ ಮುಂದೆ ತುಟಿ ಪಿಟಕ್ಕೆನ್ನದೆ ನಿಲ್ಲುವ ಹುಡುಗಿ ಅವರಿಗೆ ಗೊತ್ತಿತ್ತು, ಇವಳು ಗೊತ್ತಿರಲಿಲ್ಲ.

ಶಾಸಕರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಆಟ ಮುಗಿಯುವವರೆಗೆ ಕೂತರು. "ನಮ್ಮನೆ ಹೆಣ್ಮಕ್ಳು ಹಿಂಗೆ ಓಡಿದ್ದು ನಾನು ನೋಡೇ ಇಲ್ರಿ ಮೇಡಂ" ಎಂದು ಮೆಲ್ಲಗೆ ಹೇಳಿದರು. ಮತ್ತೆ ಮೈಕಿಗೆ ಬಂದು ಅಷ್ಟೇ ಜೋರಾಗಿ ಕೂಗಿದರು: "ಮಕ್ಕಳೇ, ಇನ್ಮ್ಯಾಲೆ ನಿಮ್ಮ ಆಟದ ಪೀರಿಯಡ್ ಯಾರೂ ಕಿತ್ಕಳಂಗಿಲ್ಲ! ಕಾನೂನು ತರ್ತೀನಿ!"

ಮಾತಿಗೆ ತಪ್ಪಲಿಲ್ಲ, ಮಸೂದೆ ತರುತ್ತೇನೆಂದು ಸದನಕ್ಕೆ ನೋಟಿಸು ಕೊಟ್ಟರು. ಅದು ಇನ್ನೂ ಸರದಿಯಲ್ಲಿದೆ. ಅಧಿವೇಶನ ಬರುತ್ತದೆ, ಗದ್ದಲವಾಗುತ್ತದೆ, ಮುಂದಕ್ಕೆ ಹೋಗುತ್ತದೆ. ಪರಿಶೀಲಿಸುತ್ತೇವೆ ಎಂದು ಮಂತ್ರಿಗಳು ಒಮ್ಮೆ ಹೇಳಿದ್ದಾರೆ. ಪ್ರತಿ ಅಧಿವೇಶನಕ್ಕೂ ಮೊದಲು ನಾನೂ ಆ ತಾಯಿಯೂ ವರಾಂಡಕ್ಕೆ ಹೋಗಿ ನೆನಪಿಸಿ ಬರುತ್ತೇವೆ. ಹೋದಾಗಲೆಲ್ಲ ದೋಸೆಯೂ ಆಗುತ್ತದೆ, ಆ ಲೆಕ್ಕದಲ್ಲಿ ನಷ್ಟವೇನಿಲ್ಲ.

ಕಾರ್ಯಕ್ರಮ ಮುಗಿದ ಮುಂದಿನ ವಾರ ಹತ್ತನೇ ತರಗತಿಗೆ ಆಟದ ಪೀರಿಯಡ್. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತಿದ್ದರು. ಒಳಗಿನಿಂದ ಅವಳೇ ಎದ್ದಳು.

"ಸರ್, ಇದು ನಮ್ಮ ಪೀರಿಯಡ್ ರೀ. ಕಾನೂನು ಆಗೈತೆ. ಅವತ್ತು ಎಮ್ಮೆಲ್ಲೆ ಸಾಹೇಬ್ರು ಮೈಕ್ನಾಗೇ ಹೇಳಿದ್ರಲ್ರಿ."

ಇಡೀ ಕ್ಲಾಸು ಹೌದ್ರಿ ಸರ್, ಹೌದ್ರಿ ಸರ್ ಎಂದಿತು. ಒಬ್ಬಳಿಗೂ ಅನುಮಾನವಿರಲಿಲ್ಲ. ದೊಡ್ಡವರು ವೇದಿಕೆ ಮೇಲೆ ಹೇಳಿದ್ದಾರೆ, ಊರೆಲ್ಲ ಕೇಳಿಸಿಕೊಂಡಿದೆ, ಇನ್ನೇನು ಬಾಕಿ? ಮಸೂದೆ, ಚರ್ಚೆ, ರಾಜ್ಯಪಾಲರ ಅಂಕಿತ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೀಟಿಯನ್ನು ಬಾಯಿಗಿಟ್ಟುಕೊಂಡೆ.

ಅವರಿಗೆ ಎಲ್ಲ ಗೊತ್ತಿತ್ತು. ದಿನಾ ಪೇಪರು ಓದುವವರು. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಬಾಗಿಲು ಬಿಟ್ಟು ನಿಂತರು.

"ಕಾನೂನು ಅಂದ್ಮ್ಯಾಲೆ ಮುಗೀತು. ಓಡ್ರಿ" ಎಂದರು.

ವಿಧಾನಸಭೆಯಲ್ಲಿ ಇನ್ನೂ ಆಗದ ಆ ಕಾನೂನು ನಮ್ಮ ಶಾಲೆಯಲ್ಲಿ ಅವತ್ತಿನಿಂದ ಜಾರಿಯಲ್ಲಿದೆ.