ನೆಲಮಾಳಿಗೆಯ ಹಂಡೆಗಳು

ಅಕ್ರೋಟು ಮರಗಳ ಎಲೆ ಉದುರತೊಡಗಿದರೆ ನಮ್ಮ ಓಣಿಯ ಹೂಕುಂಡಗಳೆಲ್ಲ ನೊಸ್ರತ್ ಖಾನುಮರ ಮನೆಗೆ ಹೊರಡುತ್ತವೆ. ಯಾರೂ ಯಾರಿಗೂ ಹೇಳಿ ಕಳಿಸುವುದಿಲ್ಲ. ಒಬ್ಬರು ಕಣಗಿಲೆಯನ್ನು ಸೈಕಲ್ಲಿಗೆ ಕಟ್ಟಿ ತರುತ್ತಾರೆ, ಇನ್ನೊಬ್ಬರು ಮಲ್ಲಿಗೆಯನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬರುತ್ತಾರೆ. ನಮ್ಮ ಬೆಟ್ಟದೂರು ಹಮದಾನಿನ ಚಳಿ ಅಂಗಳದಲ್ಲಿ ಏನನ್ನೂ ಉಳಿಸುವುದಿಲ್ಲ. ವಸಂತದವರೆಗೆ ಅವರ ನೆಲಮಾಳಿಗೆಯೇ ಆಸರೆ.

ಖಾನುಮರಿಗೆ ಐವತ್ತೆಂಟು. ಗಂಡ ಯದುಲ್ಲಾ ಆಗಾ ಮೂವತ್ತು ವರ್ಷ ರತ್ನಗಂಬಳಿಯ ಉಣ್ಣೆಗೆ ಬಣ್ಣ ಹಾಕಿದವರು. ಉಗುರಿನ ಬುಡದ ನೀಲಿ ಇನ್ನೂ ಹೋಗಿಲ್ಲ. ಬಣ್ಣದ ಕೆಲಸ ನಿಂತ ಮೇಲೆ ಹನ್ನೊಂದು ತಾಮ್ರದ ಹಂಡೆಗಳು ಉಳಿದವು. ಖಾನುಂ ಅವನ್ನು ಒಂದೊಂದಾಗಿ ನೆಲಮಾಳಿಗೆಗೆ ಇಳಿಸಿ, ಗಿಡಗಳ ನಡುವೆ ಇಟ್ಟು, ನೀರು ತುಂಬಿಸಿದರು. ಯಾಕೆಂದು ನಾನು ಮೊದಲ ವರ್ಷ ಕೇಳಿರಲಿಲ್ಲ. ಗಿಡಕ್ಕೆ ಹಾಕುವ ನೀರಿರಬೇಕು ಅಂದುಕೊಂಡಿದ್ದೆ. ಆದರೆ ಅವರು ಚಳಿಗಾಲದಲ್ಲಿ ಗಿಡಗಳಿಗೆ ನೀರು ಕೊಡುವುದೇ ಅಪರೂಪ. ಜೆರೇನಿಯಂಗಳಿಗೆ ಏನೂ ಇಲ್ಲ, ನಿಂಬೆಗೆ ವಾರಕ್ಕೊಂದು ಲೋಟ. ದಿನವೂ ಬೆಳಿಗ್ಗೆ ಇಳಿದು ಒಂದೊಂದು ಕುಂಡದ ಮಣ್ಣಿಗೆ ಬೆರಳಿಟ್ಟು ನೋಡಿ, ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಿ, ಮೇಲೆ ಬರುತ್ತಾರೆ.

ನಾನು ದಕ್ಷಿಣದ ಜಹ್ರೋಮಿನವಳು, ನಿಂಬೆ ತೋಟಗಳ ಊರಿನವಳು. ಮದುವೆಯಾಗಿ ಬರುವಾಗ ಒಂದು ನಿಂಬೆ ಗಿಡ ತಂದಿದ್ದೆ. ಅಪ್ಪ ಕಸಿ ಕಟ್ಟಿದ ಕೊನೆಯ ಗಿಡ ಅದು. ಆರು ತಿಂಗಳಲ್ಲಿ ಅವರು ತೀರಿಕೊಂಡರು. ಕಸಿಯ ಗಂಟಿನ ಮೇಲೆ ಅವರು ಬಿಗಿದ ಬಟ್ಟೆಯ ಗುರುತು ಹಾಗೇ ಇತ್ತು. ಚಳಿಗಾಲ ಬಂದರೆ ಅದೂ ಖಾನುಮರ ನೆಲಮಾಳಿಗೆಗೇ.

ಎರಡನೆಯ ವರ್ಷ, ದೊಡ್ಡ ಚಳಿಯ ನಲವತ್ತು ದಿನಗಳ ಮಧ್ಯದಲ್ಲಿ, ಊರಿಗೆಲ್ಲ ಕೊಳವೆಯಲ್ಲಿ ಗ್ಯಾಸ್ ಬರುವುದು ನಿಂತಿತು, ಮನೆಮನೆಯ ಹೀಟರುಗಳು ಆರಿದವು. ಅಲ್ವಂದ್ ಬೆಟ್ಟದಿಂದ ಗಾಳಿ ಇಳಿಯುತ್ತಿತ್ತು. ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ ಎಂದು ರೇಡಿಯೋ ಹೇಳಿತು. ಜನ ಅಟ್ಟದಿಂದ ಹಳೆಯ ಕೊರ್ಸಿಗಳನ್ನು ಇಳಿಸಿದರು. ಗಿಡ್ಡ ಮೇಜಿನಡಿ ಕೆಂಡ, ಮೇಲೆ ದಪ್ಪ ರಜಾಯಿ, ಸುತ್ತ ಮನೆಮಂದಿಯ ಕಾಲುಗಳು. ಖಾನುಮರ ಮನೆಯಲ್ಲಿ ಮೇಲಿನ ಕೋಣೆಯ ಹೀಟರಿನಿಂದಲೇ ನೆಲಮಾಳಿಗೆಗೂ ಒಂದಿಷ್ಟು ಬಿಸಿ ಇಳಿಯುತ್ತಿದ್ದದ್ದು. ಈಗ ಅದೂ ಇಲ್ಲ.

ನಾನು ಸೀಮೆಎಣ್ಣೆ ಸ್ಟೌ ಹೊತ್ತುಕೊಂಡು ಓಡಿದೆ. ಖಾನುಂ ಅದನ್ನು ಮೆಟ್ಟಿಲಲ್ಲೇ ತಡೆದರು. ಅದರ ಹೊಗೆಗೆ ಎಲೆಯೆಲ್ಲ ಉದುರಿಹೋಗುತ್ತದೆ ಎಂದರು. ಹಾಗಾದರೆ ನನ್ನ ಗಿಡವನ್ನು ಮನೆಗೆ ಒಯ್ಯುತ್ತೇನೆ, ಕೊರ್ಸಿಯ ಪಕ್ಕ ಇಟ್ಟುಕೊಳ್ಳುತ್ತೇನೆ ಎಂದೆ.

"ಒಯ್ಯಿ, ನಿನ್ನ ಗಿಡ," ಎಂದರು ಖಾನುಂ. "ಕೆಂಡದ ಪಕ್ಕ ಬೆಂದುಹೋಗುತ್ತೆ, ಬಾಗಿಲ ಪಕ್ಕ ಸೆಟೆದುಹೋಗುತ್ತೆ. ಎಲ್ಲಿ ಇಡ್ತೀಯ ಅಂತ ಯೋಚನೆ ಮಾಡಿ ಒಯ್ಯಿ."

ಮತ್ತೆ ಇಲ್ಲಿ ಅದನ್ನು ಕಾಯುವವರು ಯಾರು ಎಂದು ಕೇಳಿದೆ. ಅವರು ಹಂಡೆಯ ಕಂಠ ತಟ್ಟಿದರು.

"ಇದು ಕಾಯುತ್ತೆ. ನೀರು ಹೆಪ್ಪುಗಟ್ಟುವಾಗ ತನ್ನ ಬಿಸಿನ ಬಿಟ್ಟುಕೊಡುತ್ತೆ ಮಗಳೇ. ಮೇಲೆ ಕಟ್ಟೋ ಗಡ್ಡೆಯ ಕೆಳಗೆ ನೀರು ಇರೋವರೆಗೆ ಗಿಡಕ್ಕೆ ಏನೂ ಆಗಲ್ಲ. ತಳದವರೆಗೂ ಕಲ್ಲಾದರೆ ಮಾತ್ರ ನನ್ನ ಕೈಲಿ ಇಲ್ಲ."

ಚಳಿಗೆ ಮಂಜುಗಡ್ಡೆ ಮದ್ದು ಎಂದರೆ ಹೇಗೆ ನಂಬುವುದು? ಕುಂಡವನ್ನು ಎತ್ತಿದೆ, ಮೆಟ್ಟಿಲವರೆಗೆ ಒಯ್ದೆ. ಬಾಗಿಲ ಸಂದಿಯಿಂದ ಬಂದ ಗಾಳಿ ಎಲೆಗಳನ್ನು ಮುಟ್ಟಿತು. ಅಲ್ಲೇ ನಿಂತೆ. ಆಮೇಲೆ ತಂದು ಮೊದಲಿದ್ದ ಕಡೆಯೇ, ಎರಡು ಹಂಡೆಗಳ ನಡುವೆ ಇಟ್ಟೆ. ಖಾನುಂ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹೋದಾಗ ಹಂಡೆಗಳ ಮೇಲೆ ನಾಲ್ಕು ಬೆರಳು ದಪ್ಪದ ಗಡ್ಡೆ ಕಟ್ಟಿತ್ತು. ಖಾನುಂ ಒನಕೆಯಂಥ ಕಟ್ಟಿಗೆಯಿಂದ ಅದನ್ನು ಒಡೆದು ಬುಟ್ಟಿಯಲ್ಲಿ ಅಂಗಳಕ್ಕೆ ಹೊತ್ತು ಹಾಕುತ್ತಿದ್ದರು. ಆ ಜಾಗಕ್ಕೆ ಬಾವಿಯ ನೀರು ಸುರಿಯುತ್ತಿದ್ದರು. ಬಾವಿಯಿಂದ ಬಂದ ಬಕೆಟ್ಟು ಹಬೆಯಾಡುತ್ತಿತ್ತು. ಹಿಮ ಬಿದ್ದ ಅಂಗಳದ ನಡುವೆ ನೆಲದಾಳದ ನೀರು ಬೆಚ್ಚಗೆ ಉಸಿರಾಡುತ್ತಿತ್ತು. ನಾನು ಅದರೊಳಗೆ ಕೈಯಿಟ್ಟು ಸುಮ್ಮನೆ ಕುಳಿತುಬಿಟ್ಟೆ.

ಯದುಲ್ಲಾ ಆಗಾ ಹಗ್ಗ ಜಗ್ಗುತ್ತ ನನ್ನೊಡನೆ ದೂರು ಹೇಳಿಕೊಂಡರು. "ನನಗೆ ಜ್ವರ ಬಂದಾಗ ಇವಳು ಇಷ್ಟು ಸಲ ಬಂದು ನೋಡಿರ್ಲಿಲ್ಲ ಕಣಮ್ಮ."

"ನಿಮಗೆ ಕಾಲಿದೆ," ಎಂದರು ಖಾನುಂ ಒಳಗಿನಿಂದ. "ಚಳಿಯಾದ್ರೆ ನೀವೇ ಎದ್ದು ಬರ್ತೀರ. ನಾಲಿಗೆಯೂ ಇದೆ, ದೇವರ ದಯೆ."

ಮೂರನೆಯ ಸಂಜೆಗೆ ಅವರ ಕೈಗಳು ಒಡೆದು ರಕ್ತ ಜಿನುಗುತ್ತಿತ್ತು. ಓಣಿಯವರು ಬಂದು ಸಾಲಾಗಿ ನಿಂತು ಬಕೆಟ್ಟು ದಾಟಿಸಿದರು. ಕತ್ತಲಾಗುವ ಹೊತ್ತಿಗೆ ಹನ್ನೊಂದೂ ಹಂಡೆ ತುಂಬಿದ್ದವು. ಖಾನುಂ ಬಾಗಿಲ ಸಂದಿಗೆ ಕಂಬಳಿ ತುರುಕಿ, ಇನ್ನು ಬೆಳಗಿನವರೆಗೆ ಯಾರೂ ತೆಗೆಯಬಾರದು ಎಂದು ನಮ್ಮನ್ನೆಲ್ಲ ಕಳಿಸಿಬಿಟ್ಟರು.

ನಾಲ್ಕನೆಯ ಬೆಳಿಗ್ಗೆ ಅವರ ಹಿಂದೆ ಮೆಟ್ಟಿಲಿಳಿದೆ. ದೀಪದ ಬೆಳಕಿನಲ್ಲಿ ಹನ್ನೊಂದು ಬಿಳಿಯ ವೃತ್ತಗಳು ಕಂಡವು. ಗಡ್ಡೆಯ ಮೇಲೆ ಜರಿಗಿಡದ ಎಲೆಗಳಂಥ ಗೆರೆಗಳು ಮೂಡಿದ್ದವು. ಖಾನುಂ ಕಟ್ಟಿಗೆಯಿಂದ ಕುಟ್ಟಿದರು. ಒಂದು ಗೇಣು ಬರೀ ಗಡ್ಡೆ. ಮತ್ತೆ ಕುಟ್ಟಿದರು. ಕೆಳಗಿನಿಂದ ಕಪ್ಪು ನೀರು ಗುಳಕ್ಕೆಂದು ಮೇಲೆ ಬಂತು.

ನಾನು ನಿಂಬೆಯ ಹತ್ತಿರ ಕುಳಿತು ಒಂದು ಎಲೆಯನ್ನು ಬೆರಳುಗಳ ನಡುವೆ ಮಡಚಿದೆ. ಅದು ಮುರಿಯಲಿಲ್ಲ; ಮೆತ್ತಗೆ ಬಾಗಿ, ಬಿಟ್ಟೊಡನೆ ನೆಟ್ಟಗಾಯಿತು. ಬೆರಳಿಗೆ ಜಹ್ರೋಮಿನ ವಾಸನೆ ಹತ್ತಿತು. ಮೇಲೆ ಓಣಿಯ ನಲ್ಲಿಗಳೆಲ್ಲ ಬಿರಿದಿದ್ದವು. ಇಲ್ಲಿ ಅಷ್ಟು ನೀರು ಕಲ್ಲಾಗುತ್ತ, ಒಂದು ಎಲೆಯನ್ನೂ ಕಲ್ಲಾಗಲು ಬಿಟ್ಟಿರಲಿಲ್ಲ. ಹಂಡೆಯ ತಣ್ಣನೆಯ ತಾಮ್ರಕ್ಕೆ ಹಣೆಯೊತ್ತಿದೆ.

"ಅತ್ತಿದ್ದು ಸಾಕು," ಎಂದರು ಖಾನುಂ, ಬುಟ್ಟಿಯನ್ನು ನನ್ನತ್ತ ನೂಕಿ. "ಇನ್ನೂ ಎರಡು ದಿನ ಇದೇ ಚಳಿಯಂತೆ."

ನಾನು ಅಂಗಿಯ ತೋಳು ಮೇಲೇರಿಸಿ ಗಡ್ಡೆಗೆ ಕೈ ಹಾಕಿದೆ.