ದೇಶದ ಸಾಲಕ್ಕೆ ನಮ್ಮ ಮೇಜಿನ ಆಯೋಗ

ನಮ್ಮ ಯಜಮಾನರೂ ಪಕ್ಕದ ಮನೆಯ ಉಡುಪಿಯವರೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾರಣ ಹೇಳಿದರೆ ಜನ ನಗುತ್ತಾರೆ: ಅಮೆರಿಕದ ರಾಷ್ಟ್ರೀಯ ಸಾಲ. ಇಬ್ಬರೂ ಅರವತ್ತು ದಾಟಿದವರು, ಒಂದೇ ವರ್ಷ ಇಲ್ಲಿನ ಪ್ರಜೆಗಳಾದವರು. ಆದರೆ ಒಬ್ಬರು ಆ ಪಕ್ಷ, ಒಬ್ಬರು ಈ ಪಕ್ಷ. ಸಾಲ ಇಳಿಯಬೇಕಾದರೆ ಪಿಂಚಣಿಯ ವಯಸ್ಸು ಏರಿಸಬೇಕು ಎಂದು ನಮ್ಮವರ ವಾದ. ದೊಡ್ಡ ಸಂಬಳದವರ ತೆರಿಗೆ ಏರಿಸಿ ಎಂದು ಅವರ ವಾದ. ಒಂದು ಸಂಜೆ ನಮ್ಮ ಗ್ಯಾರೇಜಿನಲ್ಲಿ ಮಾತು ಮಿತಿಮೀರಿತು, ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಆಮೇಲೆ ಕಸದ ಡಬ್ಬಿ ಹೊರಗಿಡಲು ಹೋದಾಗಲೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನನಗೆ ಇಬ್ಬರ ಮೇಲೂ ಸಿಟ್ಟು. ಅಮೆರಿಕದ ಈ ಹೇವರ್ಡ್ ಊರಿಗೆ ಬಂದ ಹೊಸತರಲ್ಲಿ ನಮ್ಮವರಿಗೆ ಕಾರು ಓಡಿಸಲು ಕಲಿಸಿದ್ದೇ ಆ ಮನುಷ್ಯ. ನನ್ನ ಹೆರಿಗೆಯ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ದದ್ದೂ ಅವರೇ. ಈಗ ನಮ್ಮವರು ಸಂಜೆಯಾದರೆ ಟಿವಿ ಮುಂದೆ ಕೂತು ಅದರ ಜೊತೆಗೇ ಜಗಳವಾಡುತ್ತಿದ್ದರು. ಅವರಿಗೆ ಬೇರೆ ಸ್ನೇಹಿತರಿರಲಿಲ್ಲ, ಹೊಸಬರನ್ನು ಹುಡುಕಿಕೊಳ್ಳುವ ವಯಸ್ಸೂ ಅದಲ್ಲ. ಈ ಗೆಳೆತನ ಹೀಗೇ ಸತ್ತುಹೋದರೆ ಗತಿಯೇನು ಎಂದು ನಿಜವಾಗಿಯೂ ಹೆದರಿದ್ದೆ.

ಆಗ ಹತ್ತಿರದ ಡಬ್ಲಿನ್ ಊರಿನಲ್ಲಿ ಒಂದು ಶನಿವಾರ ನಡೆಯುವ ಕಾರ್ಯಕ್ರಮದ ಸುದ್ದಿ ಕಣ್ಣಿಗೆ ಬಿತ್ತು. ಸಾಮಾನ್ಯ ಜನರೇ ಕೂತು ದೇಶದ ಸಾಲ ಇಳಿಸುವ ದಾರಿ ಹುಡುಕುವ ಅಣಕು ಆಯೋಗ. ಒಂದೊಂದು ಪಕ್ಷದಿಂದ ಐದೈದು ಜನ, ಯಾವ ಪಕ್ಷಕ್ಕೂ ಸೇರದವರು ಇಬ್ಬರು. ಒಂಬತ್ತು ಮಂದಿ ಒಪ್ಪಿದರೆ ವರದಿ, ಇಲ್ಲದಿದ್ದರೆ ಬರಿಗೈ. ಇಬ್ಬರಿಗೂ ಬೇರೆಬೇರೆಯಾಗಿ ಹೇಳಿ ಹೆಸರು ಬರೆಸಿದೆ. ಇನ್ನೊಬ್ಬರು ಬರುವ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ನನಗೆ ಪಕ್ಷವಿಲ್ಲ, ಹಾಗಾಗಿ ಅಧ್ಯಕ್ಷೆಯ ಕುರ್ಚಿ ನನ್ನ ಪಾಲಿಗೆ ಬಂತು.

ಮೊದಲ ಒಂದು ಗಂಟೆ ದಂಡ. ಎದುರಿನವರು ಏನೇನು ಬಿಟ್ಟುಕೊಡಬೇಕು ಎನ್ನುವ ಪಟ್ಟಿಯನ್ನೇ ಎಲ್ಲರೂ ಓದಿದರು. ನಮ್ಮವರು ಗೋಡೆಗೆ ಭಾಷಣ ಮಾಡಿದರು, ಉಡುಪಿಯವರು ಸೂರಿಗೆ. ನನಗೆ ನನ್ನ ಅಬ್ಬಾ ನೆನಪಾದರು. ಹುಬ್ಬಳ್ಳಿಯಲ್ಲಿ ಅವರದು ಸೈಕಲ್ ಅಂಗಡಿ. ಮದುವೆಯ ಮಾತುಕತೆಗೆ ಗಂಡಿನವರೂ ಹೆಣ್ಣಿನವರೂ ಅವರನ್ನು ನಡುವೆ ಕೂರಿಸುತ್ತಿದ್ದರು. ಅವರ ಕಟ್ಟಳೆ ಒಂದೇ: ಬೇಡಿಕೆ ಆಮೇಲೆ, ಮೊದಲು ನೀವೇನು ಕೊಡುತ್ತೀರಿ ಹೇಳಿ. ಎರಡೂ ಕಡೆಯವರು ಅದನ್ನು ಹೇಳುವ ತನಕ ಒಳಗಿನಿಂದ ಶರಬತ್ತೂ ಬರುತ್ತಿರಲಿಲ್ಲ. ನಾನೂ ಮೇಜು ತಟ್ಟಿ ಅದನ್ನೇ ಹೇಳಿದೆ. ಇನ್ನು ಯಾರೂ ಇನ್ನೊಬ್ಬರ ಜೇಬಿಗೆ ಕೈ ಹಾಕುವಂತಿಲ್ಲ, ಮೊದಲು ತಮ್ಮದನ್ನು ತೆಗೆದಿಡಬೇಕು ಎಂದೆ.

ಮೊದಲು ಉಡುಪಿಯವರು ಕೈ ಎತ್ತಿದರು. ಅವರು ಹೇವರ್ಡಿನ ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತಿಯೇ ಸಂಸಾರ ನಡೆಸಿದವರು. ಅಂಗಿಯ ಮೇಲೆ ಸೊಂಟನೋವಿನ ಪಟ್ಟಿ ಬಿಗಿಯದೆ ಮನೆ ಬಿಡುವವರಲ್ಲ. ಪಿಂಚಣಿಗೆ ಇನ್ನೇನು ಸ್ವಲ್ಪ ದಿನ ಬಾಕಿ. ಎಲ್ಲರೂ ಏನಾದರೂ ಕೊಡಲೇಬೇಕೆಂದಾದರೆ ತಾನು ಇನ್ನೆರಡು ವರ್ಷ ದುಡಿಯುತ್ತೇನೆ ಎಂದು ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ಹೇಳಿದರು. ಅವರ ಪಕ್ಷದವರೇ ದಂಗಾದರು.

ನಮ್ಮವರಿಗೆ ಬೇಕಾಗಿದ್ದೂ ಅದೇ ತಾನೇ? ಎಂಟು ತಿಂಗಳಿಂದ ಅದಕ್ಕಾಗಿಯೇ ಕಾದಾಡಿದ್ದರು. ಈಗ ಗೆದ್ದ ಮುಖವಿರಲಿಲ್ಲ. ಗೋಡೆ ಬಿಟ್ಟು ನೇರವಾಗಿ ಗೆಳೆಯನ ಕಡೆ ತಿರುಗಿದರು, ಬಾಯಿಗೆ ಕನ್ನಡವೇ ಬಂತು.

“ಮದ್ಲ ನಿನ್ನ ನಡಾ ನೋಡ್ಕೊ. ಇನ್ನೂ ಎರಡ ವರ್ಷ ಏನ್ ಹೊರತಿ?”

“ವಯಸ್ಸು ಏರಿಸ್ಬೇಕು ಅಂತ ಹೇಳಿದ್ದು ನೀನೇ ಅಲ್ವಾ ಮಾರಾಯ?”

“ನಾ ಅಂದದ್ದು ದೇಶಕ್ಕ. ನಿನಗ ಅಂದಿಲ್ಲ.”

ಉಳಿದವರೆಲ್ಲ ಅರ್ಥವಾಗದೆ ನನ್ನತ್ತ ನೋಡಿದರು. ಇಂಗ್ಲಿಷಿನಲ್ಲಿ ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಒಂದು ನಿಮಿಷ ಕೊಡಿ ಎಂದು ನೀರು ಕುಡಿದೆ.

ಅಷ್ಟರಲ್ಲಿ ನಮ್ಮವರು ಎದ್ದು ನಿಂತಿದ್ದರು. ಮೈಮುರಿದು ದುಡಿದವರ ಪಿಂಚಣಿಯ ವಯಸ್ಸು ಮುಟ್ಟಬೇಡಿ, ಸನ್ನಿವೇಲಿನ ಆಫೀಸಿನಲ್ಲಿ ಕುರ್ಚಿ ಸವೆಸಿದ ನನ್ನಂಥವರದನ್ನು ಏರಿಸಿ, ನನ್ನ ತೆರಿಗೆಯನ್ನೂ ಸ್ವಲ್ಪ ಏರಿಸಿ ಎಂದರು. ಅವರ ಪಕ್ಷದವರು ಪಕ್ಷಾಂತರಿಯನ್ನು ನೋಡುವ ಹಾಗೆ ನೋಡಿದರು. ಮತಕ್ಕೆ ಹಾಕಿದೆವು. ಎಂಟು ಕೈಗಳು ಮೇಲೆದ್ದವು, ಒಂಬತ್ತನೆಯದು ಏಳಲೇ ಇಲ್ಲ. ದೇಶದ ಸಾಲ ಇದ್ದಲ್ಲೇ ಉಳಿಯಿತು.

ಉಡುಪಿಯವರು ಟ್ರೇನಿನಲ್ಲಿ ಬಂದಿದ್ದರು. ವಾಪಸು ಹೊರಟಾಗ ಯಾರೂ ಕರೆಯದೆಯೇ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ ಹೋದೆ. ಫ್ರೀವೇ ಮುಟ್ಟುವ ಮೊದಲೇ ಶುರುವಾಯಿತು. ಆ ಒಂದು ಮತ ತಪ್ಪಿದ್ದು ನಿಮ್ಮವರಿಂದ ಎಂದು ಇವರು, ನಿಮ್ಮವರಿಂದಲೇ ಎಂದು ಅವರು. ತೆರಿಗೆ, ಬಡ್ಡಿ, ಪಿಂಚಣಿ, ಒಂದನ್ನೂ ಬಿಡಲಿಲ್ಲ. ಇಬ್ಬರ ದನಿಯೂ ಕಾರಿನ ಗಾಜು ಅದುರುವಷ್ಟು ಏರಿತ್ತು. ನಮ್ಮೂರಿಗೆ ತಿರುಗಬೇಕಾದ ಎಕ್ಸಿಟ್ ದಾಟಿಹೋಯಿತು. ನಾನು ಕಂಡೆ, ಹೇಳಲಿಲ್ಲ.